ಫಿಸಿಕ್ಸಿಗೆ ಬಿದ್ದ ಹೂವು

ಆಟೋ ಹತ್ತಿದೆನೆಂದರೆ ನನಗೊಂದು ಸಣ್ಣ ಅವಮಾನ ಕಾದಿದೆ ಎಂದೇ ಅರ್ಥ. ತಿರುವು ಹತ್ತಿರ ಬಂದಾಗ ಡ್ರೈವರು “ಎಡಕ್ಕಾ ಮೇಡಂ, ಬಲಕ್ಕಾ?” ಎಂದು ಕೇಳುತ್ತಾನೆ. ಬೇರೆಯವರಾದರೆ ಬಾಯಲ್ಲಿ ಹೇಳುತ್ತಾರೆ. ನನ್ನ ಎಡಗೈ ಮಾತ್ರ ನನ್ನನ್ನು ಒಂದು ಮಾತೂ ಕೇಳದೆ ಮೇಲೆದ್ದು, ಹೆಬ್ಬೆರಳನ್ನು ಆಟೋದ ಚಾವಣಿಗೂ ತೋರುಬೆರಳನ್ನು ಡ್ರೈವರಿನ ಬೆನ್ನಿಗೂ ನಡುಬೆರಳನ್ನು ರಸ್ತೆ ಪಕ್ಕದ ಬೇಕರಿಗೂ ನೆಟ್ಟು ನಿಂತುಬಿಡುತ್ತದೆ. ಅದು ವಿದ್ಯುತ್ತು ಹರಿಯುವ ತಂತಿ ಕಾಂತಕ್ಷೇತ್ರದಲ್ಲಿ ಯಾವ ಕಡೆಗೆ ತಳ್ಳಿಸಿಕೊಳ್ಳುತ್ತದೆ ಎಂದು ಕಂಡುಹಿಡಿಯುವ ಎಡಗೈ ನಿಯಮ. ಆಟೋಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಡ್ರೈವರು ಕನ್ನಡಿಯಲ್ಲಿ ನೋಡಿ, ಪಾಪ, ಯಾವುದೋ ಹರಕೆ ಇರಬೇಕು ಎಂದುಕೊಂಡು ಸುಮ್ಮನಾಗುತ್ತಾನೆ.

ಇದರಲ್ಲಿ ಇನ್ನೂ ಹೆಚ್ಚಿನ ಅವಮಾನವೆಂದರೆ, ನಾನು ಹೊಟ್ಟೆಪಾಡಿಗೆ ಮಾಡುವುದು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವ ಕೆಲಸ. ಕನಕಪುರದ ಕಾಲೇಜಿನಲ್ಲಿ ಬೋರ್ಡಿನ ಮುಂದೆ ನಿಂತು, ಎಡ ಯಾವುದು ಬಲ ಯಾವುದು ಎಂದು ನೂರಾರು ಮಕ್ಕಳಿಗೆ ತಿದ್ದಿದ್ದೇನೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಿಗೆ ಬಿತ್ತು ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು. ಆದರೆ ತಪ್ಪು ನನ್ನದಲ್ಲ. ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುವುದು: ಇದು ನಮ್ಮಜ್ಜಿಯ ತಪ್ಪು. ಇಲ್ಲವಾದರೆ ನಮ್ಮೂರ ದೇವತೆ ಗುಡ್ಡದಮ್ಮನದು. ಅವರಿಬ್ಬರ ನಡುವಿನ ವ್ಯವಹಾರದಲ್ಲಿ ಸಿಕ್ಕಿ ನನ್ನ ಎಡಬಲ ಹಾಳಾಯಿತು.

ನಮ್ಮೂರು ಮಾಗಡಿ ತಾಲ್ಲೂಕಿನಲ್ಲಿ, ಗುಡೇಮಾರನಹಳ್ಳಿಯಿಂದ ಒಳಕ್ಕೆ. ಆಗ ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಬಿಡದಿ ಕಡೆ ದಿನಕ್ಕೊಂದು ಫ್ಯಾಕ್ಟರಿ ಏಳುತ್ತಿದೆ ಎಂದು ಬಸ್ಸಿನಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು. ನಮ್ಮೂರಿನವರೆಗೆ ಫ್ಯಾಕ್ಟರಿ ಬರಲಿಲ್ಲ, ಗಾರ್ಮೆಂಟ್ಸ್ ವ್ಯಾನು ಬಂತು. ಬೆಳಗ್ಗೆ ಅರಳಿಕಟ್ಟೆಯ ಹತ್ತಿರ ನಿಂತು ಹಾರ್ನ್ ಹೊಡೆದರೆ ಊರಿನ ಅರ್ಧ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಓಡುತ್ತಿದ್ದರು. ನಮ್ಮ ಚಿಕ್ಕಪ್ಪನ ಮಗಳು ಮಂಜುಳ ಅವರಲ್ಲಿ ಮೊದಲಿನವಳು. ಅವಳಿಗೆ ಕಿಟಕಿ ಪಕ್ಕದ ಸೀಟು, ತಲೆ ತುಂಬ ಹೂವು, ಸ್ವಂತ ಮೊಬೈಲು. ನಾನು ಹತ್ತನೇ ಕ್ಲಾಸಿನ ಬ್ಯಾಗು ಹೊತ್ತು ನಡೆಯುವಾಗ ವ್ಯಾನು ನನ್ನ ಮೇಲೆ ಧೂಳು ಹಾರಿಸಿಕೊಂಡು ಹೋಗುತ್ತಿತ್ತು. ಆ ಧೂಳಿನಲ್ಲೂ ಹೂವಿನ ವಾಸನೆ ಇರುತ್ತಿತ್ತು.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ನಮ್ಮಪ್ಪನ ಅವ್ವ. ಊರಿನಲ್ಲಿ ಯಾರಿಗೂ ಹೆದರದವಳು. ಹೊಲಕ್ಕೆ ನುಗ್ಗಿದ ಹಂದಿಯನ್ನು ಮೊರ ಬಡಿದು ಓಡಿಸಿದವಳು, ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಗೂಡು ಕೊಳ್ಳುವ ರೀಲರುಗಳ ಜೊತೆ ಜಗಳಕ್ಕೆ ನಿಂತರೆ ಅಪ್ಪ ಟೀ ಕುಡಿಯುವ ನೆಪದಲ್ಲಿ ಜಾಗ ಖಾಲಿ ಮಾಡುತ್ತಿದ್ದ. ಇಂಥವಳಿಗೆ ಗುಡುಗು ಎಂದರೆ ಪ್ರಾಣಭಯ. ಮೋಡ ಕಪ್ಪಿಟ್ಟಿತೆಂದರೆ ರಾಗಿ ಮೂಟೆಗಳ ಸಂದಿಯಲ್ಲಿ ಹೋಗಿ ಕೂತು, ಸೆರಗನ್ನು ಕಿವಿಗೆ ತುರುಕಿಕೊಂಡು, ಗುಡ್ಡದಮ್ಮನನ್ನು ಕರೆಯುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಬೆಳಕು ಮೊದಲು ಬರುತ್ತದೆ, ಸದ್ದು ನಿಧಾನ ಎಂಬ ಪಾಠ ಕೇಳಿದ ದಿನವೇ ಸಂಜೆ ಮಳೆ ಬಂತು. ನನಗೋ ಹೊಸ ಪಾಠದ ಉಮೇದು. ಮೂಟೆ ಸಂದಿಗೆ ನಾನೂ ತೂರಿಕೊಂಡು, ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡು, ಗುಡುಗು ಬರುವವರೆಗೆ ಎಷ್ಟಾಯಿತು ನೋಡು, ಹೆಚ್ಚಾಯಿತೆಂದರೆ ಸಿಡಿಲು ದೂರದಲ್ಲಿದೆ ಎಂದು ಹೇಳಿಕೊಟ್ಟೆ. ಅಜ್ಜಿ ಬೆರಳ ಗೆಣ್ಣಿನ ಮೇಲೆ ಎಣಿಸಿದಳು. ಒಂದು ಸಲ, ಎರಡು ಸಲ. ಆಮೇಲೆ ಸಂದಿಯಿಂದ ಎದ್ದು ಸೀರೆ ಕೊಡವಿಕೊಂಡು ಜಗಲಿಗೆ ಹೋಗಿ ಕೂತಳು. ಅವತ್ತಿನಿಂದ ಮಳೆ ಬಂದರೆ ಜಗಲಿಯ ಮೇಲೆ ಅಜ್ಜಿಯದೇ ದರ್ಬಾರು. ಅಡಿಕೆ ಕಡಿಯುತ್ತ, ಎಣಿಸುತ್ತ, “ಕುದೂರು ತಾವ ಐತೆ ಬುಡು” ಎಂದು ಬೀದಿಯವರಿಗೆಲ್ಲ ಸಿಡಿಲಿನ ಸುದ್ದಿ ಹೇಳುತ್ತಿದ್ದಳು. ಜನ ಅವಳನ್ನು ಕೇಳಿಯೇ ಹೊಲಕ್ಕೆ ಹೋಗುತ್ತಿದ್ದರು.

ಎಸ್ಸೆಸ್ಸೆಲ್ಸಿ ರಿಸಲ್ಟು ಬಂತು. ಫಸ್ಟ್ ಕ್ಲಾಸು. ಮನೆಯಲ್ಲಿ ಸಿಹಿಗಿಂತ ಮೊದಲು ಜಗಳ ಶುರುವಾಯಿತು. ನನಗೆ ಸೈನ್ಸ್ ಬೇಕು. ಯಾಕೆ ಬೇಕು ಎಂದರೆ ಹೇಳಲು ಬರುತ್ತಿರಲಿಲ್ಲ, ಅಜ್ಜಿ ಮೂಟೆ ಸಂದಿಯಿಂದ ಎದ್ದ ಆ ಕ್ಷಣದ ರುಚಿ ಹತ್ತಿತ್ತು, ಅಷ್ಟೇ. ಅಪ್ಪನಿಗೆ ಸೈನ್ಸ್ ಎಂದರೆ ಫಿಸಿಕ್ಸ್, ಫಿಸಿಕ್ಸ್ ಎಂದರೆ ಫೇಲು. ಊರಿನಲ್ಲಿ ಅದುವರೆಗೆ ಸೈನ್ಸ್ ತೆಗೆದುಕೊಂಡವರೆಲ್ಲ ಆ ಒಂದು ಸಬ್ಜೆಕ್ಟಿನಲ್ಲಿ ಮುಗ್ಗರಿಸಿ, ಸಪ್ಲಿಮೆಂಟರಿ ಕಟ್ಟಿ ಕಟ್ಟಿ, ಕೊನೆಗೆ ಚಿಲ್ಲರೆ ಅಂಗಡಿ ಇಟ್ಟಿದ್ದರು. ಅದರ ಮೇಲೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಓದಿದ ನಮಗೆ ವೇಗೋತ್ಕರ್ಷ, ಸಂವೇಗ ಎಂಬ ಪದಗಳೇ ಬಾಯಿಗೆ ಬರುವಷ್ಟರಲ್ಲಿ ಸಾಕುಬೇಕಾಗಿತ್ತು; ಈಗ ಅವೆಲ್ಲ ಪ್ಯಾಂಟು ಹಾಕಿಕೊಂಡು ಬರುತ್ತವೆ ಎಂದು ಅಪ್ಪನಿಗೂ ಯಾರೋ ಹೇಳಿದ್ದರು. ಆರ್ಟ್ಸ್ ತಗೋ, ಇಲ್ಲ ಮಂಜುಳನ ಜೊತೆ ವ್ಯಾನು ಹತ್ತು ಎಂದ. ವಾದ ನಾಲ್ಕು ದಿನ ನಡೆದು ಗಂಟಲು ಒಣಗಿದ ಮೇಲೆ, ನಮ್ಮ ಕಡೆ ಎಲ್ಲ ಜಗಳಗಳೂ ಹೋಗಿ ನಿಲ್ಲುವ ಕೋರ್ಟಿಗೇ ಇದೂ ಹೋಯಿತು. ಗುಡ್ಡದಮ್ಮನನ್ನು ಹೂ ಕೇಳುವುದು ಎಂದಾಯಿತು.

ಹೂ ಕೇಳುವುದು ನಿಮಗೆ ಗೊತ್ತಿರಬಹುದು. ಪೂಜಾರಪ್ಪ ಒದ್ದೆ ಹೂವನ್ನು ಅಮ್ಮನ ಎರಡು ಭುಜಕ್ಕೂ ಅಂಟಿಸುತ್ತಾನೆ. ಕೇಳುವವರು ಕೈಮುಗಿದು ಕೇಳಿ ಕಾಯಬೇಕು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಬೋರ್‌ವೆಲ್ ಕೊರೆಸುವುದು, ರೇಷ್ಮೆ ಹುಳು ಕಟ್ಟುವುದು, ಸಂಬಂಧ ಬೆಳೆಸುವುದು ಎಲ್ಲ ಹೀಗೇ ತೀರ್ಮಾನ. ಅಪ್ಪ ಬೇರೆ ಯಾರ ಮಾತನ್ನಾದರೂ ಮುರಿಯುತ್ತಿದ್ದ, ಆ ಹೂವಿನ ಮಾತನ್ನು ಮಾತ್ರ ಮುರಿಯುತ್ತಿರಲಿಲ್ಲ.

ಮಂಗಳವಾರ ಅಪ್ಪ, ಅಜ್ಜಿ, ನಾನು ಮೂವರೂ ಗುಡ್ಡ ಹತ್ತಿದೆವು. ಅಪ್ಪನಿಗೆ ಆಗಷ್ಟೇ ಮೊಬೈಲು ಬಂದಿತ್ತು, ಊರಿನಲ್ಲೆಲ್ಲೂ ಸಿಗದ ಸಿಗ್ನಲ್ಲು ಗುಡಿಯ ಹಿಂದಿನ ಬಿಲ್ವಪತ್ರೆ ಮರದ ಕೆಳಗೆ ಸಿಗುತ್ತಿತ್ತು. ಗೂಡಿನ ರೇಟು ಕೇಳಿಬಿಡುತ್ತೇನೆ ಎಂದು ಅಲ್ಲಿಗೆ ಹೋದವನು ಅಲ್ಲೇ ಕೂಗಾಡುತ್ತ ನಿಂತ. ಒಳಗೆ ಅಜ್ಜಿ, ನಾನು, ಪೂಜಾರಪ್ಪ. ಅಜ್ಜಿ ಸೆರಗು ಹೊದ್ದು, ಮಗೀಗೆ ಸೈನ್ಸು ಕೊಡೋದಾದರೆ ಬಲಕ್ಕೆ ಕೊಡು ತಾಯಿ ಎಂದಳು. ಗರ್ಭಗುಡಿಯ ಒಂದು ಪಕ್ಕದಲ್ಲಿ ನಂದಾದೀಪವಿತ್ತು. ಹೂವು ಆ ದೀಪದ ಕಡೆಯ ಭುಜದಿಂದ ಜಾರಿ, ಇನ್ನೇನು ಎಣ್ಣೆಗೇ ಬೀಳಬೇಕು, ಪಕ್ಕಕ್ಕೆ ಬಿತ್ತು. ಅಜ್ಜಿ ಒಂದು ಗಳಿಗೆ ನೋಡಿದಳು. ಆಮೇಲೆ ಗಟ್ಟಿಯಾಗಿ, “ಬಲಕ್ಕೆ ಕೊಟ್ಲು” ಎಂದಳು. ಪೂಜಾರಪ್ಪ ಯಾಕೋ ಜೋರಾಗಿ ಕೆಮ್ಮಿದ. ಅಜ್ಜಿ ಅವನ ಕಡೆ ತಿರುಗಿದಳು, ಕೆಮ್ಮು ನಿಂತಿತು.

ನಾನೂ ನೋಡಿಕೊಂಡೆ. ಹೂವು ಬಿದ್ದದ್ದು ನನ್ನ ಬಲಗೈ ಕಡೆಗೆ, ದೀಪದ ಪಕ್ಕಕ್ಕೆ. ಓಹೋ, ಇದು ಬಲ, ಇದು ಆಗಲಿ ಎಂಬುದು ಎಂದು ತಿಳಿದುಕೊಂಡೆ. ಹದಿನಾರರ ವಯಸ್ಸಿನಲ್ಲಿ ಕಲಿತದ್ದು ಬೇಗ ಮರೆಯುವುದಿಲ್ಲ. ಅಪ್ಪ ಒಳಗೆ ಬಂದು ಕೇಳಿ, ನಿಟ್ಟುಸಿರಿಟ್ಟು, ಅಮ್ಮನೇ ಅಂದ ಮೇಲೆ ಆಯಿತು ಎಂದ. ಗುಡ್ಡ ಇಳಿಯುವಾಗ ಮಾತ್ರ ಒಂದು ಷರತ್ತು ಹಾಕಿದ.

“ಸೆಕೆಂಡ್ ಪಿಯುಸೀಲಿ ಫಿಸಿಕ್ಸ್ ಹೋಯ್ತು ಅಂದ್ರೆ ಸಪ್ಲಿಮೆಂಟ್ರಿ ಗಿಪ್ಲಿಮೆಂಟ್ರಿ ಇಲ್ಲ ಕಣವ್ವ. ಮಾರನೇ ದಿನ ವ್ಯಾನು.”

ಮಂಜುಳನಿಗೆ ಈ ಸುದ್ದಿ ಹೋಗಿ, ಅವಳಿಗೆ ನನ್ನ ಮೇಲೆ ಇರುವ ಪ್ರೀತಿಗೆ, ಅವತ್ತಿನಿಂದ ವ್ಯಾನಿನ ಕಿಟಕಿಯಿಂದ ತಲೆ ಹಾಕಿ, ಪಕ್ಕದ ಸೀಟು ನಿಂಗೇ ಇಟ್ಟಿದ್ದೀನಿ ಕಣೆ ಎಂದು ದಿನಾ ಕೂಗುತ್ತಿದ್ದಳು. ಅದು ಆಶೀರ್ವಾದವೋ ಶಾಪವೋ ನನಗೆ ತಿಳಿಯುತ್ತಿರಲಿಲ್ಲ. ಹೂವಿನ ವಾಸನೆ ಬೇರೆ.

ಮಾಗಡಿ ಕಾಲೇಜಿಗೆ ಊರಿನಿಂದ ನಾವು ಮೂವರು ಸೇರಿದೆವು. ನಾನು, ಎದುರು ಮನೆಯ ಭಾಗ್ಯ, ಕುರಿ ಮಂದೆಯವರ ಮನೆಯ ಶಿವಲಿಂಗ. ಶಿವಲಿಂಗ ಹುಟ್ಟಿದಾಗಿನಿಂದ ಕುರಿಗಳ ಜೊತೆ ಮಾತಾಡಿದವನು, ಹಾಗಾಗಿ ಯಾರೂ ಉತ್ತರ ಕೊಡದಿದ್ದರೂ ಮಾತು ನಿಲ್ಲಿಸುತ್ತಿರಲಿಲ್ಲ. ಭಾಗ್ಯ ನಗಲು ಶುರುಮಾಡಿದರೆ ಬಸ್ಸು ಮಾಗಡಿ ಮುಟ್ಟುವವರೆಗೆ ನಿಲ್ಲುತ್ತಿರಲಿಲ್ಲ. ಫಿಸಿಕ್ಸ್ ಮೇಷ್ಟ್ರು ಚನ್ನಪಟ್ಟಣದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಅವರ ಬ್ಯಾಗಿನಲ್ಲಿ ಪುಸ್ತಕಕ್ಕಿಂತ ಅರಗಿನ ಬಣ್ಣದ ಮರದ ಬುಗುರಿಗಳು ಹೆಚ್ಚು. ಮೇಜಿನ ಮೇಲೆ ಬುಗುರಿ ಬಿಟ್ಟು, ಇದು ಯಾಕೆ ಬೀಳುತ್ತಿಲ್ಲ ಹೇಳಿ ಎನ್ನುತ್ತಿದ್ದರು. ನಾವು ಯೋಚಿಸಿ ಮುಗಿಸುವ ಮೊದಲೇ ಅದು ಬಿದ್ದಿರುತ್ತಿತ್ತು. ಮೊದಲ ದಿನವೇ ಅವರು ನಮಗೆ ಧೈರ್ಯ ಹೇಳಿದ್ದರು.

“ಫಿಸಿಕ್ಸ್ ಯಾರಿಗೂ ಕಷ್ಟ ಅಲ್ಲ ಮಕ್ಕಳೇ, ಎರಡನೇ ಸಲ ಬರೆಯುವಾಗ.”

ನಾವೆಲ್ಲ ನಕ್ಕೆವು. ನನಗೊಬ್ಬಳಿಗೆ ನಗು ಅರ್ಧಕ್ಕೇ ನಿಂತಿತು, ಎರಡನೇ ಸಲ ಎಂಬುದು ನನ್ನ ಹಣೆಯಲ್ಲಿ ಬರೆದಿರಲಿಲ್ಲವಲ್ಲ.

ಫಸ್ಟ್ ಪಿಯುಸಿ ಹೇಗೋ ಉರುಳಿತು. ಸೆಕೆಂಡ್ ಪಿಯುಸಿ ಪುಸ್ತಕ ಕೈಗೆ ಬಂದಾಗ ಅದರ ದಪ್ಪ ನೋಡಿ ಶಿವಲಿಂಗ, ಇದನ್ನು ಕುರಿಗೆ ಹಾಕಿದರೂ ಒಂದು ವಾರ ಬರುತ್ತೆ ಎಂದ. ನಾನು ಓದುತ್ತಿದ್ದದ್ದು ನಮ್ಮ ಹುಳುಮನೆಯಲ್ಲಿ. ರೇಷ್ಮೆ ಹುಳು ಸಾಕುವ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಪೌಡರು ಹಾಕುವಂತಿಲ್ಲ, ಒಗ್ಗರಣೆ ಹೊಗೆ ಬರುವಂತಿಲ್ಲ, ಗಲಾಟೆ ಮಾಡುವಂತಿಲ್ಲ. ಇಷ್ಟು ಒಳ್ಳೆಯ ಲೈಬ್ರರಿ ಮಾಗಡಿಯಲ್ಲೂ ಇರಲಿಲ್ಲ. ತಟ್ಟೆಗಳಲ್ಲಿ ಹುಳುಗಳು ಚರಚರ ಎಂದು ಸೊಪ್ಪು ಮೇಯುತ್ತಿದ್ದವು, ನಾನು ಗಟ್ಟಿಯಾಗಿ ಓದುತ್ತಿದ್ದೆ. ಅವು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಬಿಟ್ಟು, ಗೂಡು ಕಟ್ಟುವ ಹೊತ್ತಿಗೂ ನಾನು ಅದೇ ಪಾಠದಲ್ಲಿರುತ್ತಿದ್ದೆ. ಕಣ್ಣೆದುರಿಗೇ ಎಷ್ಟು ಬೆಳೆ ಹುಳು ನನ್ನನ್ನು ದಾಟಿ ಮುಂದೆ ಹೋದವೋ ಲೆಕ್ಕವಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಮಗೆ ನಡುಕ ಹತ್ತಿತು. ಇಡೀ ಪುಸ್ತಕ ಓದಲು ಸಾಧ್ಯವೇ ಇಲ್ಲ ಎಂಬುದು ಮೂವರಿಗೂ ಖಚಿತವಾಯಿತು. ಪಟ್ಟಣದ ಮಕ್ಕಳಿಗೆ ಟ್ಯೂಷನ್ನಿನಲ್ಲಿ ಇಂಪಾರ್ಟೆಂಟ್ ಪಾಠ ಯಾವುದೆಂದು ಹೇಳುತ್ತಾರಂತೆ, ನಮಗೆ ಯಾರು ಹೇಳುತ್ತಾರೆ ಎಂದು ಭಾಗ್ಯ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ಗೋಳಾಡಿದಳು. ಆಗ ನಮ್ಮ ಮೂವರ ಕಣ್ಣೂ ಒಟ್ಟಿಗೇ ಗುಡ್ಡದ ಕಡೆ ಹೋಯಿತು. ಬೋರ್‌ವೆಲ್ಲಿನಲ್ಲಿ ನೀರು ಎಲ್ಲಿದೆ ಎಂದು ಹೇಳುವವಳಿಗೆ ಪ್ರಶ್ನೆಪತ್ರಿಕೆಯಲ್ಲಿ ಪಾಠ ಎಲ್ಲಿದೆ ಎಂದು ಹೇಳುವುದು ಕಷ್ಟವೇ? ಇದನ್ನು ನೀವು ಮೂರ್ಖತನ ಎನ್ನಬಹುದು. ನಮ್ಮ ಪಾಲಿಗೆ ಅದು ಟ್ಯೂಷನ್ನು.

ಪ್ರತಿ ಮಂಗಳವಾರ, ಶುಕ್ರವಾರ ಗುಡ್ಡ ಹತ್ತಿದೆವು. ಒಬ್ಬರು ಒಂದು ಸಲಕ್ಕೆ ಒಂದನ್ನೇ ಕೇಳಬಹುದು, ಹಾಗಾಗಿ ದಿನಕ್ಕೆ ಮೂರು ಪಾಠ. ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇವೆ ಎಂದಾಗ ಪೂಜಾರಪ್ಪನಿಗೆ ಪರಮ ಸಂತೋಷ. “ಅದೇ ಒಳ್ಳೇದು. ನಿಮ್ಮನೇರು ಹೂ ಕೇಳುವಾಗ ನಾನು ಒಳಗಿರಕಿಲ್ಲ ಕಣವ್ವ” ಎಂದು ನನಗೆ ಹೇಳಿ, ಹೂ ಅಂಟಿಸಿ, ಹೊರಗೆ ಜಗಲಿಗೆ ಎಲೆಯಡಿಕೆ ಹಾಕಿಕೊಳ್ಳಲು ಹೋಗಿಬಿಡುತ್ತಿದ್ದ. ನಮ್ಮ ಮನೆತನಕ್ಕೆ ಎಷ್ಟು ಮರ್ಯಾದೆ ಎಂದು ನಾನು ಬೀಗಿದೆ. ಭಾಗ್ಯ, ಶಿವಲಿಂಗ ಇಬ್ಬರೂ ಅದುವರೆಗೆ ಹೂ ಕೇಳಿದವರಲ್ಲ. ನಾನು ಅನುಭವಸ್ಥೆ. ದೀಪದ ಕಡೆಗೆ ಬಿದ್ದರೆ ಬಲ, ಓದಬೇಕು. ಆಚೆ ಕಡೆಗೆ ಬಿದ್ದರೆ ಎಡ, ಬಿಡಬೇಕು ಎಂದು ಅವರಿಗೆ ಪಾಠ ಮಾಡಿದೆ. ನನ್ನ ಜೀವನದ ಮೊದಲ ಫಿಸಿಕ್ಸ್ ಪಾಠ ಅದೇ ಇರಬೇಕು.

ಏನು ಸಂಭ್ರಮ ಅಂತೀರಿ! ಬೆಳಕಿನ ಪಾಠ ದೀಪದ ಕಡೆಗೆ ಬಿದ್ದಾಗ, ಬೆಳಕು ದೀಪದ ಕಡೆಗೇ ಬೀಳಬೇಕಲ್ಲ ಎಂದು ಭಾಗ್ಯ ನಗಲು ಶುರುಮಾಡಿ ಗುಡಿಯಿಂದ ಹೊರಗೆ ಓಡಿದಳು. ಕನ್ನಡಿ, ಮಸೂರ, ಪರಮಾಣು, ಸೆಮಿಕಂಡಕ್ಟರು ಎಲ್ಲ ದೀಪದ ಕಡೆ. ವಿದ್ಯುತ್ತು, ಕಾಂತತ್ವ, ಮೋಟರು, ಜನರೇಟರು ಎಲ್ಲ ಆಚೆ ಕಡೆ. ಎರಡು ಕೈಗಳ ಬೆರಳು ತಿರುಚುವ ಆ ನಿಯಮಗಳನ್ನು ಓದುವುದು ತಪ್ಪಿತು ಎಂದು ನಾನು ಅಮ್ಮನಿಗೆ ವಿಶೇಷವಾಗಿ ಅಡ್ಡಬಿದ್ದೆ. ಯಾರೋ ಫ್ಯಾಕ್ಟರಿ ಸೇರಿದ ಹೊಸದರಲ್ಲಿ ಗುಡಿಗೆ ಕೊಟ್ಟಿದ್ದ ಫ್ಯಾನು ತಿರುಗುತ್ತಿತ್ತು. ಅದರ ಗಾಳಿಗೆ ಹೂವು ಬಿದ್ದರೆ ಅದು ಬಾಹ್ಯ ಬಲ, ಲೆಕ್ಕಕ್ಕಿಲ್ಲ ಎಂದು ಶಿವಲಿಂಗ ವಾದಿಸಿ, ಪ್ರತಿಸಲ ಸ್ವಿಚ್ಚು ಆರಿಸಿ ಬರುತ್ತಿದ್ದ. ಪ್ರಯೋಗದಲ್ಲಿ ನಮ್ಮಷ್ಟು ಶಿಸ್ತು ಯಾರಿಗಿತ್ತು ಹೇಳಿ. ಊರಿನವರು, ಓದುವ ಮಕ್ಕಳಿಗೆ ಎಂಥ ಭಕ್ತಿ ನೋಡು ಎಂದು ತಮ್ಮ ಮಕ್ಕಳಿಗೆ ಬಯ್ಯುತ್ತಿದ್ದರು.

ಅಮ್ಮ ಆರಿಸಿದ ಪಾಠಗಳನ್ನು ನಾವು ಎಷ್ಟು ಭಯಭಕ್ತಿಯಿಂದ ಓದಿದೆವೆಂದರೆ ಒಂದಕ್ಷರ ಬಿಡಲಿಲ್ಲ. ಕನ್ನಡಿಯ ಪಾಠವಂತೂ ಕುಡಿದೇಬಿಟ್ಟೆವು. ಕನ್ನಡಿಯಲ್ಲಿ ಎಡ ಬಲವಾಗಿಯೂ ಬಲ ಎಡವಾಗಿಯೂ ಕಾಣುವುದಕ್ಕೆ ನಮ್ಮ ಕನ್ನಡದಲ್ಲಿ ಪಾರ್ಶ್ವ ವಿಪರ್ಯಯ ಎನ್ನುತ್ತಾರೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆವು.

ಪರೀಕ್ಷೆಗೆ ಇನ್ನು ಒಂದು ವಾರ ಚಿಲ್ಲರೆ ಇತ್ತು. ಆ ಶುಕ್ರವಾರ ಉಳಿದಿದ್ದ ಕೊನೆಯ ಪಾಠವನ್ನು ಶಿವಲಿಂಗ ಕೇಳುತ್ತಿದ್ದ. ಪೂಜಾರಪ್ಪ ದೀಪಕ್ಕೆ ಎಣ್ಣೆ ಹಾಕಲು ಒಳಗೆ ಬಂದ. ಅದೇ ಹೊತ್ತಿಗೆ ಹೂವು ಜಾರಿ ದೀಪದ ಪಕ್ಕಕ್ಕೆ ಬಿತ್ತು. ಶಿವಲಿಂಗನ ಮುಖ ಅರಳಿತು. ಪೂಜಾರಪ್ಪ ಲೊಚಗುಟ್ಟಿದ.

“ಎಡಕ್ಕೆ ಕೊಟ್ಲಲ್ಲೋ. ನೀನು ಕೇಳಿದ್ದು ಬ್ಯಾಡ ಅಂತಾವ್ಳೆ.”

“ಇದು ಬಲ ಅಲ್ವಾ ಪೂಜಾರಪ್ಪ?” ಎಂದ ಶಿವಲಿಂಗ.

“ಯಾರ ಬಲ? ನಿಂದಾ, ಅಮ್ಮಂದಾ?”

ಪೂಜಾರಪ್ಪ ಎಣ್ಣೆ ಗಿಂಡಿ ಕೆಳಗಿಟ್ಟು, ಶಿವಲಿಂಗನ ಭುಜ ಹಿಡಿದು, ಅಮ್ಮನ ಕಡೆ ಬೆನ್ನು ಮಾಡಿಸಿ ನಿಲ್ಲಿಸಿದ. ಅಮ್ಮ ನೋಡುವ ಕಡೆಗೇ ನೀನೂ ನೋಡು, ಈಗ ಬಲಗೈ ಎತ್ತು ಎಂದ. ಶಿವಲಿಂಗ ಬಲಗೈ ಎತ್ತಿದ. ಅದು ದೀಪದ ಕಡೆ ಹೋಗಲಿಲ್ಲ, ಆಚೆ ಕಡೆಗೆ ಹೋಯಿತು. ಹುಟ್ಟಿದಾಗಿನಿಂದ ಮಾತು ನಿಲ್ಲಿಸದವನು ಮೊದಲ ಸಲ ಬಾಯಿ ಮುಚ್ಚಿದ. ಭಾಗ್ಯ ಮೆಲ್ಲಗೆ, ಪಾರ್ಶ್ವ ವಿಪರ್ಯಯ ಎಂದಳು.

ಅರ್ಥವಾಯಿತಲ್ಲ? ಅಮ್ಮ ಬೇಡ ಎಂದ ಪಾಠಗಳನ್ನೆಲ್ಲ ನಾವು ಅರೆದು ಕುಡಿದಿದ್ದೆವು. ಅಮ್ಮ ಓದಿ ಎಂದವನ್ನೆಲ್ಲ ತೆರೆದೂ ನೋಡಿರಲಿಲ್ಲ. ಭಾಗ್ಯನಿಗೆ ನಗು ಹತ್ತಿಕೊಂಡಿತು, ನನಗೂ ಹತ್ತಿತು, ಅಳುವೂ ಅದರೊಳಗೇ ಇತ್ತು. ವಿಷಯ ಕೇಳಿ ಪೂಜಾರಪ್ಪ ಕಂಬಕ್ಕೆ ಒರಗಿ ಕೂತು ನಕ್ಕ. ನಕ್ಕು ಕಣ್ಣೊರೆಸಿಕೊಂಡು, ಮಾಡ್ಬಾರದ್ದು ಮಾಡಿದ್ರಿ, ಆದ್ರೂ ಅಮ್ಮ ಒಳ್ಳೆಯವಳು, ಇನ್ನೂ ಒಸಿ ದಿನ ಇಟ್ಟವ್ಳೆ, ಹೋಗಿ ಓದ್ಕಳಿ ಎಂದ. ಆಗ ಶಿವಲಿಂಗ ನನ್ನ ಕಡೆ ತಿರುಗಿ, ನೀನೇ ಅಲ್ವಾ ಹೇಳಿದ್ದು ದೀಪದ ಕಡೆ ಬಲ ಅಂತ, ನಿಮ್ಮಜ್ಜಿ ಕೇಳಿದಾಗ ಕಣ್ಣಾರೆ ನೋಡಿದೆ ಅಂದಿದ್ದೆ ಎಂದ. ಹೌದು, ನೋಡಿದ್ದೆ ಎಂದೆ. ಪೂಜಾರಪ್ಪ ಕೆಮ್ಮಲು ಶುರುಮಾಡಿದ.

ಆ ಕೆಮ್ಮು ನನಗೆ ನೆನಪಿತ್ತು.

ಗುಡ್ಡವನ್ನು ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಎರಡು ವರ್ಷ ಅಮ್ಮನೇ ಕೊಟ್ಟದ್ದು ಎಂಬ ಧೈರ್ಯದಲ್ಲಿ ಓದಿದ್ದೆ. ಫಿಸಿಕ್ಸ್ ಅರ್ಥವಾಗದೆ ಅತ್ತಾಗಲೆಲ್ಲ, ಹೂವು ಬಿದ್ದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ನೋಡಿದರೆ ಅಮ್ಮ ಮೊದಲ ದಿನವೇ ಬೇಡ ಎಂದಿದ್ದಳು. ದೇವರೇ ಬೇಡ ಎಂದ ಪರೀಕ್ಷೆಯನ್ನು ಯಾವ ಮುಖ ಇಟ್ಟುಕೊಂಡು ಬರೆಯುವುದು? ವ್ಯಾನಿನ ಕಿಟಕಿ, ಮಂಜುಳನ ಪಕ್ಕದ ಖಾಲಿ ಸೀಟು ಎಲ್ಲ ಕಣ್ಣ ಮುಂದೆ ಬಂತು.

ಅಜ್ಜಿ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೋದೆ. ಹುಳುಮನೆಯಲ್ಲಿ ಕೂಗುವಂತಿಲ್ಲವಾದ್ದರಿಂದ ಜೀವನದ ಅತಿ ದೊಡ್ಡ ಜಗಳವನ್ನು ಪಿಸುಮಾತಿನಲ್ಲಿ ಆಡಬೇಕಾಯಿತು.

“ಅಜ್ಜಿ, ಆವತ್ತು ಸೈನ್ಸ್ ಕೇಳ್ದಾಗ ಹೂವು ಯಾವ ಕಡೀಕ್ ಬಿತ್ತು?”

“ದೀಪದ ಕಡೀಕೆ.”

“ದೀಪದ ಕಡೆ ಅಂದ್ರೆ ಎಡ ಅಲ್ವಾ?”

“ಊಂ, ಎಡಾನೇ.” ಅಜ್ಜಿಯ ಕೈ ನಿಲ್ಲಲಿಲ್ಲ. ಮುಂದಿನ ತಟ್ಟೆಗೆ ಹೋಯಿತು.

“ಅಂದ್ರೆ ಅಮ್ಮ ಬ್ಯಾಡ ಅಂದಿದ್ಳು. ನೀನು ಅಪ್ಪಂಗೆ ಸುಳ್ಳು ಯೋಳ್ದೆ.”

ಅಜ್ಜಿ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ತಪ್ಪು ಮಾಡಿದವರ ಕಳೆ ಏನೂ ಇರಲಿಲ್ಲ.

“ಅಪ್ಪಂಗೆ ಸುಳ್ಳು ಯೋಳ್ದೆ. ಅಮ್ಮಂಗೆ ನಿಜಾನೇ ಯೋಳಿದ್ದೀನಿ. ಇದೊಂದ್ರಲ್ಲಿ ನೀನು ಸುಮ್ಕಿರು ತಾಯಿ, ನಂಗ್ ಬುಟ್ಬುಡು ಅಂದೆ. ಗುಡುಗಿಗೆ ಹೆದರ್ಕೊಂಡು ನನ್ನ ಆಯಸ್ಸೆಲ್ಲ ಮೂಟೆ ಸಂದೀಲಿ ಕುಂತಿದ್ದೆ ಕಣ್ಮಗ. ಎಷ್ಟ್ ಸಲ ಅವಳ್ನ ಕೂಗ್ದೆ, ಒಂದಿನಾನೂ ಯೋಳ್ನಿಲ್ಲ. ನೀನು ಯೋಳ್ದೆ.”

ಹುಳುಗಳು ಚರಚರ ಮೇಯುತ್ತಿದ್ದವು. ಅಜ್ಜಿ ಮತ್ತೆ ಬುಟ್ಟಿ ಎತ್ತಿಕೊಂಡು, ಪಾಸಾದರೆ ಅವಳಿಗೆ ತಂಬಿಟ್ಟಿನ ಆರತಿ ಒಪ್ಪಿಕೊಂಡಿದ್ದೇನೆ, ಹಿಟ್ಟು ಕುಟ್ಟುವ ಕೆಲಸ ಬೇರೆ ಇದೆ, ನೀನು ಹೋಗಿ ಓದು ಎಂದಳು. ನಾನು ಅಲ್ಲೇ ತಟ್ಟೆಗಳ ನಡುವೆ ಕೂತು, ಮುಟ್ಟದೆ ಬಿಟ್ಟಿದ್ದ ಅರ್ಧ ಪುಸ್ತಕವನ್ನು ತೆರೆದೆ. ಕಾಲೇಜಿಗೆ ಸೇರಿದ ಮೇಲೆ ಯಾರ ಅಭಯವೂ ಇಲ್ಲದೆ ಫಿಸಿಕ್ಸ್ ಓದಿದ್ದು ಅದೇ ಮೊದಲು.

ಆ ಒಂದು ವಾರ ಮೂವರೂ ಹುಚ್ಚು ಹಿಡಿದವರಂತೆ ಓದಿದೆವು. ಎಡಗೈ ಮೋಟರಿಗೆ, ಬಲಗೈ ಜನರೇಟರಿಗೆ. ಅಜ್ಜಿಗೆ ಊಟ ಬಡಿಸುವಾಗಲೂ ನನ್ನ ಮೂರು ಬೆರಳು ಮೂರು ದಿಕ್ಕಿಗೆ ನಿಂತಿರುತ್ತಿದ್ದವು. ಶಿವಲಿಂಗ ಕುರಿ ಹಿಂದೆ ಹೋಗುವಾಗ ಕೈ ತಿರುಚುತ್ತಿದ್ದದ್ದು ಕಂಡು, ಹುಡುಗನಿಗೆ ಗಾಳಿ ಸೋಕಿದೆ ಎಂದು ಅವರ ಮನೆಯವರು ತಾಯತ ಕಟ್ಟಿಸಿದರು. ಒಂದು ವಾರದಲ್ಲಿ ತುರುಕಿದ ವಿದ್ಯೆ ಹೀಗೆ ಬೆರಳುಗಳಿಗೆ ಇಳಿದುಬಿಟ್ಟಿತು, ಇನ್ನೂ ಬಿಟ್ಟು ಹೋಗಿಲ್ಲ, ಆಟೋದವರನ್ನು ಕೇಳಿ.

ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆಪತ್ರಿಕೆ ನೋಡಿದೆ. ಅದರಲ್ಲಿ ದೀಪದ ಕಡೆಯವೂ ಇದ್ದವು, ಆಚೆ ಕಡೆಯವೂ ಇದ್ದವು. ಅಮ್ಮ ಯಾವ ಕಡೆಯನ್ನೂ ಬಿಟ್ಟಿರಲಿಲ್ಲ. ಬಲಗೈ ನಿಯಮದ ಪ್ರಶ್ನೆ ಬಂದಾಗ ಬಲಗೈಯಲ್ಲಿ ಪೆನ್ನಿತ್ತು, ಅವಸರಕ್ಕೆ ಎಡಗೈ ಎತ್ತಲು ಹೋಗಿ, ತಟ್ಟನೆ ಶಿವಲಿಂಗ ದೇವಿಗೆ ಬೆನ್ನು ಮಾಡಿ ನಿಂತದ್ದು ನೆನಪಾಗಿ, ಪೆನ್ನು ಕೆಳಗಿಟ್ಟು ಬಲಗೈ ಎತ್ತಿದೆ. ಮುಂದಿನ ಸಾಲಿನಲ್ಲಿ ಭಾಗ್ಯನ ಬಲಗೈಯೂ ಮೇಲೆದ್ದಿತ್ತು. ಅಡಿಷನಲ್ ಶೀಟು ಬೇಕೇನೋ ಎಂದುಕೊಂಡು ಮೇಲ್ವಿಚಾರಕರು ಇಬ್ಬರ ಹತ್ತಿರವೂ ಓಡಿ ಬಂದರು. ಅವಳ ಬೆನ್ನು ಕುಲುಕುತ್ತಿತ್ತು. ಪುಣ್ಯಾತ್ಗಿತ್ತಿ ನಗುತ್ತಿದ್ದಳು.

ರಿಸಲ್ಟಿನ ದಿನ ಬೋರ್ಡಿನಲ್ಲಿ ಮೂವರ ನಂಬರೂ ಇತ್ತು. ಫಿಸಿಕ್ಸಿನಲ್ಲಿ ನನಗೆ ಬಂದ ಮಾರ್ಕ್ಸು ನೋಡಿ ಮೇಷ್ಟ್ರು, ಇದೇನಮ್ಮ, ಎಲ್ಲ ಪಾಠವನ್ನೂ ಓದಿದ್ದೀಯಲ್ಲ ಎಂದು ಆಶ್ಚರ್ಯಪಟ್ಟು ಒಂದು ಹಳದಿ ಬುಗುರಿ ಕೊಟ್ಟರು. ಮಾರನೇ ದಿನ ವ್ಯಾನು ಹಾರ್ನ್ ಹೊಡೆದಾಗ ನಾನು ಅರಳಿಕಟ್ಟೆಗೆ ಓಡಿಹೋಗಿ ಮಂಜುಳನಿಗೆ ಸುದ್ದಿ ಹೇಳಿದೆ. ಅವಳು ಒಂದು ಗಳಿಗೆ ಪಕ್ಕದ ಸೀಟು ನೋಡಿ, ತಲೆಯಿಂದ ಅರ್ಧ ಹೂವು ಕಿತ್ತು ಕಿಟಕಿಯಿಂದಲೇ ನನ್ನ ಜಡೆಗೆ ಮುಡಿಸಿದಳು. ಅಪ್ಪ ಊರಿಗೆಲ್ಲ, ಅಮ್ಮ ಬಲಕ್ಕೆ ಕೊಟ್ಟ ಮೇಲೆ ಫೇಲಾಗೋದುಂಟೆ ಎಂದು ಹೇಳಿಕೊಂಡು ತಿರುಗಿದ. ಅವನಿಗೆ ಇವತ್ತಿನವರೆಗೂ ಯಾರೂ ಏನೂ ಹೇಳಿಲ್ಲ, ನೀವೂ ಹೇಳಬೇಡಿ.

ಶುಕ್ರವಾರ ಅಜ್ಜಿ, ನಾನು ತಂಬಿಟ್ಟಿನ ಆರತಿ ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದೆವು. ಪೂಜಾರಪ್ಪ ಅಜ್ಜಿಯನ್ನು ಕಂಡು, ಕೆಮ್ಮದೆ, ನಗುತ್ತ ತಟ್ಟೆ ತೆಗೆದುಕೊಂಡ. ಅಮ್ಮನಿಗೆ ಹೊಸ ಹೂವಿನ ಅಲಂಕಾರ ಆಗಿತ್ತು, ಎರಡು ಭುಜದ ತುಂಬ ಕಣಗಿಲೆ. ಅಜ್ಜಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಅದೇನೋ ಬಹಳ ಹೊತ್ತು ಮಾತಾಡಿದಳು. ಇಬ್ಬರ ನಡುವೆ ಬಾಕಿ ಮಾತು ಎಷ್ಟಿತ್ತೋ. ಮುಗಿಸಿ ಹೊರಡಬೇಕು, ಆಗ ಗರ್ಭಗುಡಿಯೊಳಗೆ ಹೂವು ಜಾರಿ ಬಿದ್ದ ಸಣ್ಣ ಸದ್ದು ಕೇಳಿಸಿತು.

ಯಾವ ಕಡೆ? ದೀಪದ ಕಡೆಯೋ, ಆಚೆಯೋ? ಅಮ್ಮನ ಎಡವೋ, ಬಲವೋ? ಕೈ ತಾನಾಗಿ ಮೇಲೆದ್ದು ಮೂರು ಬೆರಳೂ ಬಿಚ್ಚಿಕೊಂಡವು. ನಾನು ಬಗ್ಗಿ ಇಣುಕಲು ಹೋದೆ. ಅಜ್ಜಿ ನನ್ನ ಗದ್ದ ಹಿಡಿದು ಮುಖವನ್ನು ಬಾಗಿಲ ಕಡೆ ತಿರುಗಿಸಿದಳು.

“ನಾವೀಗ ಏನೂ ಕೇಳ್ನಿಲ್ವಲ್ಲ ಮಗ. ನಡಿ, ಮನೆಗೋಗನ.”